ಒಂದೇ ಮೇಜು, ಹಲವು ಲೆವೆಲ್: ರೋಲ್‌ಪ್ಲೇಯಿಂಗ್ ಆಟದಲ್ಲಿ ಅನುಭವದ ಅಂತರ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸುವವರಿಗೆಲ್ಲ ಇವತ್ತಲ್ಲ ನಾಳೆ ಎದುರಾಗುವ ಪ್ರಶ್ನೆಯೊಂದಿದೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ, ಗೇಮ್ ಮಾಸ್ಟರ್ ಕಟ್ಟಿಕೊಡುವ ಲೋಕದಲ್ಲಿ ತಿಂಗಳುಗಟ್ಟಲೆ ಸಾಹಸ ಮಾಡುತ್ತಾರೆ. ಸಾಹಸಕ್ಕೆ ತಕ್ಕಂತೆ ಪಾತ್ರಗಳಿಗೆ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಸೇರುತ್ತದೆ. ಅಂಕ ಇಂತಿಷ್ಟಾದಾಗ ಲೆವೆಲ್ ಏರುತ್ತದೆ. ಈ ನಡುವೆ ಒಬ್ಬರ ಪಾತ್ರ ಸಾಯುತ್ತದೆ, ಇನ್ನೊಬ್ಬರು ಕೆಲಸದ ಒತ್ತಡದಲ್ಲಿ ಎರಡು ತಿಂಗಳು ಬರುವುದೇ ಇಲ್ಲ, ಮತ್ತೊಬ್ಬರು ಹೊಸದಾಗಿ ಸೇರುತ್ತಾರೆ. ಉಳಿದವರೆಲ್ಲ ಐದನೇ ಲೆವೆಲ್ ಮುಟ್ಟಿರುವಾಗ ಹೊಸ ಪಾತ್ರ ಎಲ್ಲಿಂದ ಶುರುವಾಗಬೇಕು? ಒಂದು ಪಕ್ಷದ ಉತ್ತರ: ಐದರಿಂದಲೇ, ಎಲ್ಲರೂ ಸದಾ ಒಂದೇ ಲೆವೆಲ್ಲಿನಲ್ಲಿರಬೇಕು. ಇನ್ನೊಂದು ಪಕ್ಷದ ಉತ್ತರ: ಒಂದರಿಂದ, ಅನುಭವ ಎನ್ನುವುದು ದುಡಿದು ಗಳಿಸಬೇಕಾದದ್ದು. ಎರಡೂ ಪಕ್ಷಗಳು ಇದನ್ನು ನ್ಯಾಯದ ಪ್ರಶ್ನೆಯೆಂದು ವಾದಿಸುತ್ತವೆ. ಆದರೆ ಐವತ್ತು ವರ್ಷಗಳಲ್ಲಿ ಬಂದ ಆಟಗಳ ನಿಯಮಗಳನ್ನು ಸಾಲಾಗಿಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಂತರ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದನ್ನು ಹೊರುವ ಆಧಾರಗಳು ನಿಯಮದೊಳಗೆ ಇವೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೇಜಿನಲ್ಲಿ ಸಮನಾಗಿರಬೇಕಾದದ್ದು ಪ್ರತಿ ಆಟಗಾರನ ನಿರ್ಧಾರಕ್ಕಿರುವ ತೂಕ. ಲೆವೆಲ್ ಆ ತೂಕದ ಒಂದು ಭಾಗ ಮಾತ್ರ.

ಮೊದಲು ಮೂಲಕ್ಕೆ ಹೋಗೋಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂತು. ಮೊದಲ ಮುದ್ರಣ 1,000 ಪ್ರತಿ. ಪೆಟ್ಟಿಗೆಯಲ್ಲಿ ಬಂದ ಆ ಆಟದ ಮೊದಲ ಕಿರುಪುಸ್ತಕ ಒಂದು ಕ್ಯಾಂಪೇನ್‌ಗೆ, ಅಂದರೆ ದೀರ್ಘಕಾಲ ಸಾಗುವ ಸಾಹಸಮಾಲೆಗೆ, ನಾಲ್ಕರಿಂದ ಐವತ್ತು ಆಟಗಾರರು ಇರಬಹುದು, ಸುಮಾರು ಇಪ್ಪತ್ತು ಮಂದಿಗೆ ಒಬ್ಬ ರೆಫರಿ (ಇಂದಿನ ಗೇಮ್ ಮಾಸ್ಟರ್) ಇರಬೇಕು ಎನ್ನುತ್ತದೆ. ಇಂದಿನ ಆಟಗಾರರಿಗೆ ಆ ಸಂಖ್ಯೆ ಬೆರಗು ಹುಟ್ಟಿಸುತ್ತದೆ, ಆದರೆ ನಮ್ಮ ಪ್ರಶ್ನೆಯ ಬೇರು ಅಲ್ಲೇ ಇದೆ. ಐವತ್ತು ಮಂದಿ ಒಂದೇ ದಿನ ಒಂದೇ ಮೇಜಿಗೆ ಬರುವುದಿಲ್ಲ. ಇವತ್ತು ಆರು ಜನ, ನಾಳೆ ಬೇರೆ ಎಂಟು ಜನ, ನಾಡಿದ್ದು ಒಬ್ಬನೇ ಒಬ್ಬ. ಅಂಥ ಕಡೆ ಎಲ್ಲರ ಲೆವೆಲ್ ಒಂದೇ ಆಗಿರುವುದು ಸಾಧ್ಯವೇ ಇರಲಿಲ್ಲ. ಗೈಗ್ಯಾಕ್ಸ್ ಅವರ ಗ್ರೇಹಾಕ್ ಕ್ಯಾಂಪೇನ್‌ನಲ್ಲಿ ರಾಬ್ ಕುಂಟ್ಜ್ ತಮ್ಮ ರೋಬಿಲಾರ್ ಪಾತ್ರವನ್ನು ಹಲವು ಸಲ ಒಂಟಿಯಾಗಿ ನೆಲಮಾಳಿಗೆಗೆ ಇಳಿಸಿದ್ದು ಈ ಆಟದ ಚರಿತ್ರೆಯಲ್ಲಿ ಹೆಸರಾದ ಸಂಗತಿ. ಹೀಗೆ ಒಬ್ಬರು ಮುಂದೆ, ಒಬ್ಬರು ಹಿಂದೆ ಇರುವುದೇ ರೂಢಿಯಾಗಿದ್ದ ಕಾಲದಲ್ಲಿ ನಿಯಮಗಳು ರೂಪುಗೊಂಡವು. ಆದ್ದರಿಂದ ಅಂತರವನ್ನು ನಿಭಾಯಿಸುವ ವ್ಯವಸ್ಥೆಯೂ ಅವುಗಳ ಲೆಕ್ಕದೊಳಗೇ ಸೇರಿಕೊಂಡಿತು.

ಆ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇದೇ ಆಟದ, 1981ರಲ್ಲಿ ಬಂದ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳ ಪ್ರಕಾರ ಫೈಟರ್, ಅಂದರೆ ಯೋಧ, ಎರಡನೇ ಲೆವೆಲ್ ಏರಲು 2,000 ಎಕ್ಸ್‌ಪಿ ಬೇಕು. ಮೂರಕ್ಕೆ 4,000, ನಾಲ್ಕಕ್ಕೆ 8,000, ಐದಕ್ಕೆ 16,000, ಆರಕ್ಕೆ 32,000, ಏಳಕ್ಕೆ 64,000. ಪ್ರತಿ ಮೆಟ್ಟಿಲಿಗೂ ಮೊತ್ತ ಇಮ್ಮಡಿ. ಈಗ ಐದನೇ ಲೆವೆಲ್ಲಿನ ಮೂವರು ಫೈಟರ್‌ಗಳ ಜೊತೆ ಸೊನ್ನೆ ಅಂಕದ ಹೊಸ ಫೈಟರ್ ಸೇರಿದ ಎಂದುಕೊಳ್ಳಿ. ಅಂಕ ಬದುಕುಳಿದವರ ನಡುವೆ ಸಮಪಾಲಾಗುತ್ತದೆ. ಹಳಬರು 16,000ದಿಂದ 32,000ಕ್ಕೆ ಹೋಗಿ ಒಂದೇ ಒಂದು ಲೆವೆಲ್ ಏರುವಷ್ಟರಲ್ಲಿ ಹೊಸಬನ ಲೆಕ್ಕಕ್ಕೂ 16,000 ಸೇರಿರುತ್ತದೆ, ಅವನು ಐದನೇ ಲೆವೆಲ್ಲಿನಲ್ಲಿರುತ್ತಾನೆ. ನಾಲ್ಕು ಲೆವೆಲ್ಲುಗಳ ಅಂತರ ಒಂದಕ್ಕೆ ಇಳಿಯಿತು. ಒಂದು ಸಾಹಸದಲ್ಲಿ ಒಂದಕ್ಕಿಂತ ಹೆಚ್ಚು ಲೆವೆಲ್ ಏರುವಂತಿಲ್ಲ ಎಂಬ ಕಟ್ಟಳೆ ಇದ್ದರೂ ನಾಲ್ಕಾರು ಸಾಹಸಗಳಲ್ಲಿ ಈ ಕೆಲಸ ಮುಗಿಯುತ್ತದೆ. ಗೇಮ್ ಮಾಸ್ಟರ್ ಯಾರಿಗೂ ವಿಶೇಷ ರಿಯಾಯಿತಿ ಕೊಡಬೇಕಾಗಿಲ್ಲ, ಹಳಬರಿಗೆ ತಮ್ಮ ದುಡಿಮೆ ವ್ಯರ್ಥವಾಯಿತು ಎನ್ನಿಸುವುದೂ ಇಲ್ಲ. ಹಿಂದಿರುವವನನ್ನು ಕೋಷ್ಟಕವೇ ಮುಂದಕ್ಕೆ ಎಳೆದು ತರುತ್ತದೆ. ಒಂದರಿಂದ ಶುರುಮಾಡಿ ಎನ್ನುವ ಹಳೆಯ ಪದ್ಧತಿಯನ್ನು ಕಠೋರ ಎನ್ನುವವರು ಗಮನಿಸದೆ ಬಿಡುವ ಅಂಶ ಇದು.

ಆ ಕಾಲದ ನಿಯಮಗಳಲ್ಲಿ ಇನ್ನೂ ಮೂರು ಆಸರೆಗಳಿದ್ದವು. ಮೊದಲನೆಯದು, ಹೊಡೆಯುವ ಶಕ್ತಿಯಲ್ಲಿ ಅಂತರ ತೀರಾ ಕಡಿಮೆ. ಅದೇ 1981ರ ಪುಸ್ತಕಗಳಲ್ಲಿ ಒಂದರಿಂದ ಮೂರನೇ ಲೆವೆಲ್ ತನಕ ಫೈಟರ್‌ನ ದಾಳಿಯ ಲೆಕ್ಕ ಬದಲಾಗುವುದೇ ಇಲ್ಲ. ನಾಲ್ಕರಿಂದ ಆರರವರೆಗೆ ಇಪ್ಪತ್ತು ಮುಖದ ದಾಳದಲ್ಲಿ ಎರಡೇ ಅಂಕದಷ್ಟು ಸುಧಾರಣೆ, ಅಂದರೆ ನೂರಕ್ಕೆ ಹತ್ತರಷ್ಟು ಹೆಚ್ಚು ಅವಕಾಶ. ಎರಡನೆಯದು, ಅಪಾಯವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ. ನೆಲಮಾಳಿಗೆಯ ಅಂತಸ್ತು ಆಳಕ್ಕೆ ಹೋದಂತೆ ಅಪಾಯವೂ ಸಂಪತ್ತೂ ಹೆಚ್ಚುತ್ತಿದ್ದವು. ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ಆಟಗಾರರೇ ತೀರ್ಮಾನಿಸುತ್ತಿದ್ದರು. ಹಳಬರು ಸುಲಭದ ಅಂತಸ್ತಿನಲ್ಲೇ ಅಂಕ ಕಲೆಹಾಕದಂತೆ 1974ರ ಪುಸ್ತಕ ಒಂದು ತಡೆಯನ್ನೂ ಹಾಕಿತ್ತು: ಎಂಟನೇ ಲೆವೆಲ್ಲಿನ ಮಾಂತ್ರಿಕ ಐದನೇ ಅಂತಸ್ತಿನಲ್ಲಿ ಕೆಲಸ ಮಾಡಿದರೆ ಅವನಿಗೆ ಸಿಗುವುದು ಎಂಟರಲ್ಲಿ ಐದು ಪಾಲು ಅಂಕ. ಮೂರನೆಯದು, ಬಾಡಿಗೆಯ ಸಹಾಯಕರು ಮತ್ತು ಅನುಚರರು. ಕಡಿಮೆ ಲೆವೆಲ್ಲಿನ ಈ ಸಹಪಾತ್ರಗಳು ತಂಡದಲ್ಲಿ ಮಾಮೂಲಾಗಿ ಇರುತ್ತಿದ್ದವು, ಅನುಚರರಿಗೆ ಅರ್ಧ ಪಾಲು ಅಂಕವೂ ಸಿಗುತ್ತಿತ್ತು. ಮುಖ್ಯ ಪಾತ್ರ ಸತ್ತರೆ ಅನುಚರನನ್ನೇ ಮುಂದುವರಿಸಿಕೊಂಡು ಹೋಗಬಹುದಿತ್ತು. ಹಾಗೆಂದು ಹಳೆಯ ವ್ಯವಸ್ಥೆ ಸುಖದ್ದು ಎಂದು ಹೇಳಲಾಗದು. ಒಂದನೇ ಲೆವೆಲ್ಲಿನ ಫೈಟರ್‌ಗೆ ಎಂಟು ಮುಖದ ಒಂದು ದಾಳದಷ್ಟು ಹಿಟ್ ಪಾಯಿಂಟ್, ಅಂದರೆ ಏಟು ತಡೆದುಕೊಳ್ಳುವ ಅಂಕ. ಒಂದೇ ಏಟಿಗೆ ಅವನು ಸಾಯಬಹುದು. ಆದರೆ ಹೊಸ ಪಾತ್ರ ಬರೆಯಲು ಹತ್ತು ನಿಮಿಷ ಸಾಕಾಗಿದ್ದರಿಂದ ಆ ನಷ್ಟ ತಡೆದುಕೊಳ್ಳುವಂಥದ್ದಾಗಿತ್ತು.

2000ದಲ್ಲಿ ಬಂದ ಮೂರನೇ ಆವೃತ್ತಿಯೊಂದಿಗೆ ಈ ಹೊಂದಾಣಿಕೆ ಬದಲಾಯಿತು. ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ಎಲ್ಲ ವರ್ಗದ ಪಾತ್ರಗಳಿಗೂ ಒಂದೇ ಎಕ್ಸ್‌ಪಿ ಕೋಷ್ಟಕ ಮಾಡಿದರು: ಎರಡನೇ ಲೆವೆಲ್ಲಿಗೆ 1,000, ಮೂರಕ್ಕೆ 3,000, ನಾಲ್ಕಕ್ಕೆ 6,000, ಐದಕ್ಕೆ 10,000, ಆರಕ್ಕೆ 15,000. ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಇಮ್ಮಡಿಯಾಗುವ ಏರಿಕೆ ಹೋಯಿತು. ಅಂಕ ಸಮಪಾಲಾದರೆ ಹತ್ತನೇ ಲೆವೆಲ್ಲಿನ ತಂಡ 45,000ದಿಂದ 55,000ಕ್ಕೆ ಏರುವ ಹೊತ್ತಿಗೆ ಹೊಸಬ 10,000 ಗಳಿಸಿ ಐದಕ್ಕೆ ನಿಲ್ಲುತ್ತಾನೆ. ಇನ್ನೂ ಆರು ಲೆವೆಲ್ ಹಿಂದೆ. ಇದೇ ವೇಳೆಗೆ ಅಂತರದ ಭಾರವೂ ಹೆಚ್ಚಿತು. ಫೈಟರ್‌ಗೆ ಪ್ರತಿ ಲೆವೆಲ್ಲಿಗೂ ದಾಳಿಯಲ್ಲಿ ಒಂದೊಂದು ಅಂಕ ಕೂಡುವುದರಿಂದ ಹತ್ತು ಲೆವೆಲ್ ಅಂತರವೆಂದರೆ ದಾಳದಲ್ಲಿ ಹತ್ತು ಅಂಕದ ವ್ಯತ್ಯಾಸ, ನೂರಕ್ಕೆ ಐವತ್ತರಷ್ಟು. ಇದರ ಮೇಲೆ ಸತ್ತು ಬದುಕಿ ಬಂದವನಿಗೆ ಒಂದು ಲೆವೆಲ್ ನಷ್ಟ, ಮಾಯಾವಸ್ತು ತಯಾರಿಸುವವನು ತನ್ನ ಎಕ್ಸ್‌ಪಿಯಿಂದಲೇ ಬೆಲೆ ತೆರಬೇಕು. ಅಂತರ ಹುಟ್ಟಿಸುವ ನಿಯಮಗಳು ಉಳಿದವು, ಅದನ್ನು ತಾನಾಗಿ ಮುಚ್ಚುವ ಏರಿಕೆ ಮಾತ್ರ ಇಲ್ಲವಾಯಿತು. ವಿನ್ಯಾಸಕಾರರಿಗೆ ಇದು ತಿಳಿಯದೆ ಇರಲಿಲ್ಲ. 2003ರ ಪರಿಷ್ಕರಣೆಯಲ್ಲಿ ಪ್ರತಿ ಪಾತ್ರದ ಲೆವೆಲ್ ನೋಡಿ ಬೇರೆಬೇರೆಯಾಗಿ ಅಂಕ ಹಂಚುವ ಕ್ರಮ ಬಂತು: ಒಂದೇ ರಾಕ್ಷಸನನ್ನು ಕೊಂದರೂ ಕೆಳಗಿನ ಲೆವೆಲ್ಲಿನವನಿಗೆ ಹೆಚ್ಚು ಅಂಕ. ಹಳೆಯ ಕೋಷ್ಟಕ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಹೊಸ ಕೋಷ್ಟಕಕ್ಕೆ ಪ್ರತ್ಯೇಕ ನಿಯಮವಾಗಿ ಅಂಟಿಸಬೇಕಾಯಿತು.

2008ರ ನಾಲ್ಕನೇ ಆವೃತ್ತಿ ಈ ದಾರಿಯಲ್ಲಿ ಮತ್ತೂ ಮುಂದೆ ಹೋಯಿತು. ಅಲ್ಲಿ ಲೆವೆಲ್ಲಿನ ಅರ್ಧವನ್ನು ದಾಳಿ, ರಕ್ಷಣೆ, ಕೌಶಲ ಎಲ್ಲಕ್ಕೂ ಕೂಡಿಸುತ್ತಾರೆ. ಸಾಧಾರಣ ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ದಾಳಿಯ ಮೊತ್ತ ಮುಟ್ಟಬೇಕಾದ ಸಂಖ್ಯೆ, ಅದರ ಲೆವೆಲ್ಲಿಗೆ ಸುಮಾರು 14 ಕೂಡಿದಷ್ಟಿರುತ್ತದೆ. ಹದಿನೈದನೇ ಲೆವೆಲ್ಲಿನ ಎದುರಾಳಿಯದು 29. ದಾಳಕ್ಕೆ ಏಳೋ ಎಂಟೋ ಕೂಡಿಸುವ ಒಂದನೇ ಲೆವೆಲ್ಲಿನ ಫೈಟರ್‌ಗೆ ಇಪ್ಪತ್ತೇ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪೈಝೋ ಸಂಸ್ಥೆಯ ‘ಪಾಥ್‌ಫೈಂಡರ್’ ಆಟದ ಎರಡನೇ ಆವೃತ್ತಿ (2019) ಪೂರ್ತಿ ಲೆವೆಲ್ಲನ್ನೇ ಕೂಡಿಸುತ್ತದೆ. ಅದರ ಕಾಳಗದ ಲೆಕ್ಕ ಇನ್ನೂ ಸ್ಪಷ್ಟ: ತಂಡದ ಲೆವೆಲ್ಲಿನದೇ ಎದುರಾಳಿಗೆ 40 ಅಂಕ, ಎರಡು ಲೆವೆಲ್ ಮೇಲಿನದಕ್ಕೆ 80, ನಾಲ್ಕು ಮೇಲಿನದಕ್ಕೆ 160; ನಾಲ್ಕು ಕೆಳಗಿನದಕ್ಕೆ ಬರೀ 10. ಅಂದರೆ ಎರಡು ಲೆವೆಲ್ ಹೆಚ್ಚಾದರೆ ಬಲ ಇಮ್ಮಡಿ, ನಾಲ್ಕು ಹೆಚ್ಚಾದರೆ ನಾಲ್ಮಡಿ ಎಂದು ಆಟವೇ ಒಪ್ಪಿಕೊಂಡಿದೆ. ಇಂಥ ಕಡೆ ಒಂದನೇ ಲೆವೆಲ್ಲಿನವನನ್ನು ಐದನೇ ಲೆವೆಲ್ಲಿನವರ ಜೊತೆ ಕಳಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗತಿಯೇ ಆಗುತ್ತದೆ: ಹಳಬರಿಗೆ ಸಾಕಾಗುವ ಕಾಳಗ ಹೊಸಬನನ್ನು ಕೊಲ್ಲುತ್ತದೆ, ಹೊಸಬನಿಗೆ ತಕ್ಕ ಕಾಳಗ ಹಳಬರಿಗೆ ಆಕಳಿಕೆ ತರಿಸುತ್ತದೆ. ಇದು ಗೊತ್ತಿರುವುದರಿಂದಲೇ ಪಾಥ್‌ಫೈಂಡರ್ ಎಲ್ಲರನ್ನೂ ಒಂದೇ ಲೆವೆಲ್ಲಿನಲ್ಲಿ ಇರಿಸಲು ಬಯಸುತ್ತದೆ, ಹಿಂದೆ ಬಿದ್ದವರಿಗೆ ಸರಿಗಟ್ಟುವ ತನಕ ಇಮ್ಮಡಿ ಎಕ್ಸ್‌ಪಿ ಕೊಡುತ್ತದೆ. ತನ್ನ ಲೆಕ್ಕವನ್ನು ಅರಿತ ಆಟ ಹೇಳಬೇಕಾದ ಮಾತೇ ಇದು.

ಇಂದು ಹೆಚ್ಚು ಜನ ಆಡುವುದು 2014ರಲ್ಲಿ ಬಂದು 2024ರಲ್ಲಿ ಪರಿಷ್ಕೃತವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಐದನೇ ಆವೃತ್ತಿಯನ್ನು. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲೂ ಆನ್‌ಲೈನ್ ಗುಂಪುಗಳಲ್ಲೂ ಸಾಮಾನ್ಯವಾಗಿ ಸಿಗುವುದು ಇದೇ. ಇದರಲ್ಲಿ ದಾಳಕ್ಕೆ ಕೂಡುವ ಅಂಕಗಳನ್ನು ಬೇಕೆಂದೇ ಮಿತಿಯಲ್ಲಿ ಇರಿಸಿದ್ದಾರೆ. ಲೆವೆಲ್ಲಿಗೆ ತಕ್ಕಂತೆ ಬೆಳೆಯುವ ಪ್ರೊಫಿಷಿಯೆನ್ಸಿ ಬೋನಸ್ ಒಂದನೇ ಲೆವೆಲ್ಲಿನಲ್ಲಿ +2, ಇಪ್ಪತ್ತನೆಯದರಲ್ಲಿ +6. ಇದರ ಫಲ ಏನು? 2014ರ ಪುಸ್ತಕದ ಪ್ರಾಯದ ಕೆಂಪು ಡ್ರ್ಯಾಗನ್‌ಗೆ ಆರ್ಮರ್ ಕ್ಲಾಸ್ 19. ದಾಳಕ್ಕೆ ಐದು ಕೂಡಿಸುವ ಒಂದನೇ ಲೆವೆಲ್ಲಿನ ಫೈಟರ್ ಹದಿನಾಲ್ಕು ಅಥವಾ ಹೆಚ್ಚು ಹಾಕಿದರೆ ಏಟು ತಾಗುತ್ತದೆ, ನೂರಕ್ಕೆ 35ರಷ್ಟು ಅವಕಾಶ. ಆಟದ ಅತಿ ಭೀಕರ ಪ್ರಾಣಿಗಳಲ್ಲೊಂದರ ಎದುರು ಹೊಸಬನ ಬಾಣಕ್ಕೂ ಅರ್ಥವಿದೆ. ಎಕ್ಸ್‌ಪಿಯ ಏರಿಕೆಯೂ ಮೊದಲ ಹಂತಗಳಲ್ಲಿ ಕಡಿದಾಗಿದೆ: ಐದನೇ ಲೆವೆಲ್ಲಿಗೆ 6,500, ಆರಕ್ಕೆ 14,000. ಐದರ ತಂಡ ಆರು ಮುಟ್ಟುವಷ್ಟರಲ್ಲಿ ಒಂದರಿಂದ ಶುರುವಾದವನು 7,500 ಗಳಿಸಿ ಐದಕ್ಕೆ ಬಂದಿರುತ್ತಾನೆ. ಹತ್ತನೇ ಲೆವೆಲ್ಲಿನ ತಂಡ ಹನ್ನೊಂದು ಮುಟ್ಟಲು ಬೇಕಾದ 21,000ದಲ್ಲಿ ಹೊಸಬ ಆರನೇ ಲೆವೆಲ್ಲಿಗೆ ಏರುತ್ತಾನೆ. ಹಳೆಯ ಇಮ್ಮಡಿ ಏರಿಕೆಯಷ್ಟು ಚುರುಕಲ್ಲದಿದ್ದರೂ ಮೂರನೇ ಆವೃತ್ತಿಗಿಂತ ಉದಾರ.

ಆದರೆ ಈ ಪರಿಹಾರ ಅರ್ಧದಾರಿಯದು. ಹೊಡೆಯುವುದರಲ್ಲಿ ಅಂತರ ಕಡಿಮೆಯಾಯಿತು, ಬದುಕುಳಿಯುವುದರಲ್ಲಿ ಆಗಲಿಲ್ಲ. ಸಹನಶಕ್ತಿ 14 ಇರುವ ಒಂದನೇ ಲೆವೆಲ್ಲಿನ ಫೈಟರ್‌ಗೆ 12 ಹಿಟ್ ಪಾಯಿಂಟ್. ಅದೇ ಫೈಟರ್ ಐದನೇ ಲೆವೆಲ್ಲಿಗೆ ಬಂದಾಗ ಸರಾಸರಿ ಲೆಕ್ಕದಲ್ಲಿ 44. ಇಬ್ಬರೂ ಒಟ್ಟಿಗೆ ನಿಂತಿರುವಲ್ಲಿ ಒಂದು ಫೈರ್‌ಬಾಲ್ ಬಿದ್ದರೆ ಆರು ಮುಖದ ಎಂಟು ದಾಳದ ಹಾನಿ, ಸರಾಸರಿ 28. ಹಳಬನಲ್ಲಿ ಇನ್ನೂ 16 ಉಳಿದಿರುತ್ತದೆ. ಹೊಸಬನ ಹನ್ನೆರಡೂ ಹೋಗಿ ಮೇಲೆ 16 ಹಾನಿ ಮಿಕ್ಕಿರುತ್ತದೆ. ಮಿಕ್ಕ ಹಾನಿ ಪೂರ್ತಿ ಹಿಟ್ ಪಾಯಿಂಟ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಸ್ಥಳದಲ್ಲೇ ಸಾವು ಎಂಬ ನಿಯಮದಂತೆ ಅವನಿಗೆ ನರಳುವ ಅವಕಾಶವೂ ಇಲ್ಲ. ಸೇವಿಂಗ್ ಥ್ರೋ, ಅಂದರೆ ಹಾನಿಯಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ, ಗೆದ್ದು ಹಾನಿ ಅರ್ಧವಾದರೂ 14, ನೆಲಕ್ಕೆ ಬೀಳುವುದು ಖಾತ್ರಿ. ಇದೇ ಮೇಜಿನಲ್ಲಿ ಒಂದನೇ ಲೆವೆಲ್ಲಿನ ಕ್ಲೆರಿಕ್ ಒಬ್ಬಳನ್ನು ಕಲ್ಪಿಸಿಕೊಂಡರೆ ಚಿತ್ರ ಬೇರೆ. ಅವಳು ಹಿಂದೆ ನಿಂತು ‘ಬ್ಲೆಸ್’ ಮಂತ್ರ ಹಾಕಿದರೆ ಮೂವರು ಹಳಬರ ಪ್ರತಿ ದಾಳಿಗೂ ಪ್ರತಿ ಸೇವಿಂಗ್ ಥ್ರೋಗೂ ನಾಲ್ಕು ಮುಖದ ಒಂದು ದಾಳ ಕೂಡುತ್ತದೆ. ಈ ನೆರವು ಐದನೇ ಲೆವೆಲ್ಲಿನಲ್ಲೂ ಹದಿನೈದರಲ್ಲೂ ಅಷ್ಟೇ ಬೆಲೆಯುಳ್ಳದ್ದು. ನೆಲಕ್ಕೆ ಬಿದ್ದ ಹಿರಿಯ ಯೋಧನನ್ನು ಎಬ್ಬಿಸಿ ನಿಲ್ಲಿಸಲು ಅವಳ ಪುಟ್ಟ ‘ಹೀಲಿಂಗ್ ವರ್ಡ್’ ಸಾಕು. ಇಬ್ಬರಿಗೂ ಇರುವ ಲೆವೆಲ್ ಅಂತರ ಒಂದೇ, ಮೇಜಿನಲ್ಲಿ ಅದು ಬೀರುವ ಪರಿಣಾಮ ಮಾತ್ರ ತದ್ವಿರುದ್ಧ. ಅಂತರವನ್ನು ಬರೀ ಸಂಖ್ಯೆಯಿಂದ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಲೆವೆಲ್ ಎಂಬುದೇ ಇಲ್ಲದ ಆಟಗಳು ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಸಾಬೀತು ಮಾಡುತ್ತವೆ. ಮಾರ್ಕ್ ಮಿಲ್ಲರ್ ಅವರ ವೈಜ್ಞಾನಿಕ ಕಥಾಲೋಕದ ಆಟ ‘ಟ್ರಾವೆಲರ್’ 1977ರಲ್ಲಿ ಬಂತು. ಅದರಲ್ಲಿ ಪಾತ್ರ ಹದಿನೆಂಟನೇ ವಯಸ್ಸಿಗೆ ನೌಕರಿಗೆ ಸೇರಿ ನಾಲ್ಕು ನಾಲ್ಕು ವರ್ಷಗಳ ಅವಧಿಗಳನ್ನು ಮುಗಿಸುತ್ತಾ ಕೌಶಲ ಗಳಿಸುತ್ತದೆ. ಒಂದು ಅವಧಿ ಮುಗಿಸಿ ಹೊರಬಂದ 22ರ ತರುಣ ಮತ್ತು ಏಳು ಅವಧಿ ಮುಗಿಸಿದ 46ರ ನಿವೃತ್ತ ಅಧಿಕಾರಿ ಒಂದೇ ನೌಕೆಯಲ್ಲಿ ಹೊರಡುತ್ತಾರೆ. ಅನುಭವದ ಅಂತರ ದೊಡ್ಡದು, ಆದರೆ 34 ಮುಟ್ಟಿದ ಮೇಲೆ ವಯಸ್ಸು ದೇಹಬಲವನ್ನು ತಿನ್ನುತ್ತದೆ. ಗುಂಡು ತಗುಲಿದರೆ ಪೆಟ್ಟು ಬೀಳುವುದು ಆ ದೇಹಬಲದ ಮೇಲೆಯೇ. ಹಿರಿಯನಿಗೆ ಗೊತ್ತಿರುವುದು ಹೆಚ್ಚು, ತಡೆದುಕೊಳ್ಳುವ ಶಕ್ತಿ ಹೆಚ್ಚೇನಿಲ್ಲ. 1978ರ ‘ರೂನ್‌ಕ್ವೆಸ್ಟ್’ ಮತ್ತು 1981ರ ‘ಕಾಲ್ ಆಫ್ ಕ್ತುಲ್ಹು’ ಇನ್ನೊಂದು ಉಪಾಯ ಹೂಡಿದವು. ಬಳಸಿದ ಕೌಶಲ ಬೆಳೆಯಬೇಕಾದರೆ ಈಗಿರುವ ಶೇಕಡಾವಾರಿಗಿಂತ ಹೆಚ್ಚು ದಾಳ ಹಾಕಬೇಕು. ಆದ್ದರಿಂದ 30ರಲ್ಲಿರುವವನು ಬೇಗ ಕಲಿಯುತ್ತಾನೆ, 85ರಲ್ಲಿರುವವನು ನಿಧಾನವಾಗಿ. ಇಮ್ಮಡಿ ಕೋಷ್ಟಕದ ತತ್ತ್ವವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಕ್ತುಲ್ಹು ಆಟದಲ್ಲಂತೂ ಎಷ್ಟು ಅನುಭವವಿದ್ದರೂ ಮನುಷ್ಯನ ಹಿಟ್ ಪಾಯಿಂಟ್ ಹತ್ತು ಹನ್ನೆರಡರ ಆಸುಪಾಸಿನಲ್ಲೇ ಉಳಿಯುತ್ತದೆ, ಹಳಬನ ಬುದ್ಧಿಸ್ಥಿಮಿತ ಎಷ್ಟೋ ಸಲ ಹೊಸಬನದಕ್ಕಿಂತ ಕುಸಿದಿರುತ್ತದೆ. ಈ ಆಟಗಳಲ್ಲಿ ಹೊಸ ಪಾತ್ರ ಎಲ್ಲಿಂದ ಶುರುವಾಗಬೇಕು ಎಂಬ ಜಗಳ ಅಷ್ಟಾಗಿ ಏಳುವುದೇ ಇಲ್ಲ.

ಇನ್ನು ಅಸಮಾನತೆಯನ್ನೇ ಅಡಿಪಾಯ ಮಾಡಿಕೊಂಡ ಆಟಗಳು. 1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ರಚಿಸಿದ ‘ಆರ್ಸ್ ಮ್ಯಾಜಿಕಾ’ದಲ್ಲಿ ಮಾಂತ್ರಿಕನ ಎದುರು ಉಳಿದವರೆಲ್ಲ ಏನೂ ಅಲ್ಲ ಎಂದು ಪುಸ್ತಕವೇ ಮೊದಲು ಒಪ್ಪಿಕೊಳ್ಳುತ್ತದೆ. ಅದಕ್ಕೆ ಅದು ಕೊಟ್ಟ ಪರಿಹಾರ ಪಾತ್ರಗಳ ಸರದಿ. ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ. ಕಾವಲುಗಾರರಂಥ ಸಣ್ಣ ಪಾತ್ರಗಳು ಎಲ್ಲರಿಗೂ ಸೇರಿದವು. ಈ ಸಾಹಸದಲ್ಲಿ ನಿಮ್ಮ ಮಾಂತ್ರಿಕ ಹೊರಟರೆ ನಾನು ಕಾವಲುಗಾರ, ಮುಂದಿನದರಲ್ಲಿ ನನ್ನ ಮಾಂತ್ರಿಕ. ಪಾತ್ರಗಳ ನಡುವೆ ಅಸಮಾನತೆ ಇದೆ, ಆಟಗಾರರ ನಡುವೆ ಇಲ್ಲ. 2002ರ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಆಟ ಬೇರೆ ಮಾರ್ಗ ಹಿಡಿಯಿತು. ಅತಿಮಾನುಷ ಬಲದ ಹೀರೋ ಪಾತ್ರಕ್ಕೆ 10 ಡ್ರಾಮಾ ಪಾಯಿಂಟ್, ಅವಳ ಸಾಮಾನ್ಯ ಗೆಳೆಯರಿಗೆ 20. ಕಥೆಯ ಗತಿಯನ್ನೇ ತಿರುಗಿಸಬಲ್ಲ ಈ ಪಾಯಿಂಟ್‌ಗಳು ತೋಳ್ಬಲದ ಕೊರತೆಯನ್ನು ತುಂಬುತ್ತವೆ. 2009ರ ‘ಡಾಕ್ಟರ್ ಹೂ’ ಆಟದಲ್ಲಿ ಪ್ರತಿ ಸುತ್ತಿನಲ್ಲೂ ಮಾತಾಡುವವರು ಮೊದಲು, ಆಮೇಲೆ ಓಡುವವರು, ಆಮೇಲೆ ಬೇರೆ ಕೆಲಸ ಮಾಡುವವರು, ಕೊನೆಗೆ ಹೊಡೆದಾಡುವವರು. ಬಲ ಇಲ್ಲದವನ ಮಾತಿಗೆ ಬಲಶಾಲಿಯ ಕೈಗಿಂತ ಮೊದಲು ಅವಕಾಶ. ಕಾದಂಬರಿಯಲ್ಲಿ ಮಹಾಮಾಂತ್ರಿಕ ಗ್ಯಾಂಡಾಲ್ಫ್ ಮತ್ತು ಪುಟ್ಟ ಹಾಬಿಟ್‌ಗಳು ಒಟ್ಟಿಗೆ ನಡೆಯಬಹುದು, ಆಟದಲ್ಲಿ ಆಗದು. ಏಕೆಂದರೆ ಕಾದಂಬರಿಯಲ್ಲಿ ಯಾವ ದೃಶ್ಯ ಯಾರದ್ದೆಂದು ಲೇಖಕ ನಿರ್ಧರಿಸುತ್ತಾನೆ, ಆಟದಲ್ಲಿ ದಾಳ ನಿರ್ಧರಿಸುತ್ತದೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆಕ್ಷೇಪದ ಮೊದಲರ್ಧ ನಿಜ. ಎರಡನೇ ಅರ್ಧಕ್ಕೆ ಈ ಮೂರು ಆಟಗಳೇ ಉತ್ತರ: ಲೇಖಕ ಮಾಡುವ ಕೆಲಸದ ಒಂದು ಪಾಲನ್ನು ನಿಯಮಕ್ಕೆ ವಹಿಸಿದರೆ ಹಾಬಿಟ್ಟಿನ ದೃಶ್ಯ ಹಾಬಿಟ್ಟಿಗೇ ಸಿಗುತ್ತದೆ.

ಇಷ್ಟು ಸಮೀಕ್ಷೆಯಿಂದ ಅಂತರವನ್ನು ಹೊರುವ ಮೂರು ಕಂಬಗಳನ್ನು ಗುರುತಿಸಬಹುದು. ಒಂದು, ಹಿಂದಿರುವವನು ಬೇಗ ಹತ್ತಿರ ಬರುವಂಥ ಬೆಳವಣಿಗೆಯ ಏರಿಕೆ. ಎರಡು, ಎಷ್ಟು ಅಪಾಯಕ್ಕೆ ತಲೆಕೊಡಬೇಕು ಎಂಬುದು ಆಟಗಾರರ ಕೈಯಲ್ಲೇ ಇರುವುದು. ಮೂರು, ಕಡಿಮೆ ಲೆವೆಲ್ಲಿನವನಿಗೂ ಅವನೇ ಮಾಡಬೇಕಾದ, ಬೇರೆಯವರು ಮಾಡಲಾಗದ ಕೆಲಸವೊಂದು ಇರುವುದು. 1981ರ ಪುಸ್ತಕಗಳಲ್ಲಿ ಮೊದಲೆರಡು ಗಟ್ಟಿಯಾಗಿದ್ದವು. ಆರ್ಸ್ ಮ್ಯಾಜಿಕಾ ಮತ್ತು ಬಫಿಯಲ್ಲಿ ಮೂರನೆಯದೇ ಇಡೀ ಕಟ್ಟಡವನ್ನು ಹೊತ್ತಿದೆ. ನಾಲ್ಕನೇ ಆವೃತ್ತಿಯಲ್ಲಿ ಮೂರೂ ಸೊರಗಿವೆ, ಹಾಗಾಗಿ ಅಲ್ಲಿ ಎಲ್ಲರೂ ಒಂದೇ ಲೆವೆಲ್ಲಿನಲ್ಲಿರುವುದೇ ಸರಿ. ಐದನೆಯದರಲ್ಲಿ ಮೊದಲನೆಯದು ತಕ್ಕಮಟ್ಟಿಗಿದೆ. ಉಳಿದೆರಡನ್ನು ಗೇಮ್ ಮಾಸ್ಟರ್ ತಾನೇ ನಿಲ್ಲಿಸಿಕೊಳ್ಳಬೇಕು. ಒಂದರಿಂದ ಶುರುಮಾಡಿ ಎಂಬ ಹಳೆಯ ಪದ್ಧತಿಯನ್ನು ಈ ಕಂಬಗಳಿಲ್ಲದ ಆಟಕ್ಕೆ ತಂದಾಗಲೇ ಅದು ಕ್ರೌರ್ಯವಾಗುವುದು. ಈ ಕಂಬಗಳಿರುವ ಆಟದಲ್ಲಿ ಎಲ್ಲರನ್ನೂ ಬಲವಂತವಾಗಿ ಸಮ ಮಾಡಿದರೆ ಆಟ ತಾನೇ ಕೊಡುತ್ತಿದ್ದ ಸೊಗಸೊಂದನ್ನು ಕಳೆದುಕೊಂಡಂತೆ.

ಈ ನಿಲುವಿಗೆ ಗಂಭೀರವಾದ ಆಕ್ಷೇಪಗಳಿವೆ. ಅತಿ ಬಲವಾದದ್ದು ಜೀವನದ ಜವಾಬ್ದಾರಿಗಳದ್ದು. ಹಾಜರಾದವರಿಗೆ ಮಾತ್ರ ಎಕ್ಸ್‌ಪಿ ಎಂದರೆ ಶಿಫ್ಟ್ ಕೆಲಸದವರು, ಮಕ್ಕಳ ತಾಯಂದಿರು, ಪರೀಕ್ಷೆಗೆ ಓದುವವರು ಸದಾ ಹಿಂದೆಯೇ ಉಳಿಯುತ್ತಾರೆ. ಬಿಡುವು ಇರುವವರಿಗೆ ಬಹುಮಾನ, ಇಲ್ಲದವರಿಗೆ ದಂಡ ಎಂಬಂತಾಗುತ್ತದೆ. ಇದನ್ನು ತಳ್ಳಿಹಾಕಲಾಗದು. ಮೊದಲ ಕಂಬ ಇಲ್ಲದ ಆಟದಲ್ಲಿ ಈ ಆಕ್ಷೇಪ ಪೂರ್ತಿ ಸರಿ, ಅಲ್ಲಿ ಬಾರದವರಿಗೂ ಅಂಕ ಕೊಡುವುದೇ ಮನುಷ್ಯತ್ವ. ಆದರೆ ಇಮ್ಮಡಿ ಏರಿಕೆಯ ಕೋಷ್ಟಕದಲ್ಲಿ ನಾಲ್ಕು ಸೆಷನ್ ತಪ್ಪಿಸಿಕೊಂಡವನು ಹಿಂದೆ ಬೀಳುವುದು ಆರಂಭದ ಹಂತ ದಾಟಿದ ಮೇಲೆ ಸಾಮಾನ್ಯವಾಗಿ ಒಂದು ಲೆವೆಲ್. ಅಷ್ಟು ಅಂತರ ಅವನ ಆಟವನ್ನು ಕೆಡಿಸುವುದಿಲ್ಲ. ಬದಲಿಗೆ ಬರುವವರು ಬಂದಾಗ ಆಡಿ ಹೋಗುವ ಮುಕ್ತ ಮೇಜನ್ನು ಸಾಧ್ಯವಾಗಿಸುತ್ತದೆ. ಬೆನ್ ರಾಬಿನ್ಸ್ ನಡೆಸಿದ ‘ವೆಸ್ಟ್ ಮಾರ್ಚಸ್’ ಕ್ಯಾಂಪೇನ್‌ಗೆ ನಿಗದಿತ ದಿನವಾಗಲಿ ನಿಗದಿತ ತಂಡವಾಗಲಿ ಇರಲಿಲ್ಲ. ಯಾವಾಗ ಆಡಬೇಕು, ಯಾರೊಂದಿಗೆ, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಆಟಗಾರರೇ ಗೊತ್ತು ಮಾಡಿಕೊಳ್ಳುತ್ತಿದ್ದರು. ಊರಿನಿಂದ ದೂರ ಹೋದಷ್ಟೂ ಅಪಾಯ ಹೆಚ್ಚು. ವಾರವಾರವೂ ತಪ್ಪದೆ ಬರಲೇಬೇಕೆಂದು ಕೇಳುವ ಸಮಾನ ಲೆವೆಲ್ಲಿನ ಕ್ಯಾಂಪೇನ್‌ಗಿಂತ, ಬಿಡುವಿಲ್ಲದ ಜನಕ್ಕೆ ಇಂಥ ಮೇಜೇ ಹೆಚ್ಚು ಅನುಕೂಲ.

ಎರಡನೇ ಆಕ್ಷೇಪ ಸರಳತೆಯದ್ದು. ಈಚಿನ ಅನೇಕ ಪ್ರಕಟಿತ ಕ್ಯಾಂಪೇನ್ ಪುಸ್ತಕಗಳು ಎಕ್ಸ್‌ಪಿ ಲೆಕ್ಕವನ್ನೇ ಬಿಟ್ಟು, ಕಥೆಯ ಒಂದು ಘಟ್ಟ ಮುಗಿದಾಗ ಎಲ್ಲರೂ ಒಟ್ಟಿಗೆ ಲೆವೆಲ್ ಏರಲಿ ಎನ್ನುತ್ತವೆ. ಗೇಮ್ ಮಾಸ್ಟರ್‌ಗೆ ತಲೆನೋವಿಲ್ಲ, ಆಟಗಾರರಿಗೆ ಹೊಟ್ಟೆಕಿಚ್ಚಿಲ್ಲ. ಹೀಗಿರುವಾಗ ಅಂತರದ ಗೊಡವೆ ಏಕೆ? ಮೊದಲಿನಿಂದ ಕೊನೆಯವರೆಗೂ ಒಂದೇ ಕಥೆಯನ್ನು ಅದೇ ನಾಲ್ವರು ಆಡುವ ಮೇಜಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ, ಅಲ್ಲಿ ಅಂತರವನ್ನು ಹುಡುಕಿಕೊಂಡು ತರಬೇಕಾಗಿಯೂ ಇಲ್ಲ. ಆದರೆ ಸಮ ಲೆವೆಲ್ಲಿನಿಂದ ಸಮಾನತೆ ತಾನಾಗಿ ಬರುತ್ತದೆ ಎಂಬ ನಂಬಿಕೆ ತಪ್ಪು. ಹತ್ತನೇ ಲೆವೆಲ್ಲಿನ ಇಬ್ಬರಲ್ಲಿ ಒಬ್ಬ ನಿಯಮಗಳನ್ನು ಅರೆದು ಕುಡಿದು ಪಾತ್ರ ಕಟ್ಟಿರುತ್ತಾನೆ, ಇನ್ನೊಬ್ಬ ಕಥೆಯ ಆಸೆಗೆ ಕಟ್ಟಿರುತ್ತಾನೆ. ಅವರ ನಡುವಿನ ಕಂದಕವನ್ನು ಲೆವೆಲ್ ಮುಚ್ಚುವುದಿಲ್ಲ. ಹೊಸ ಆಟಗಾರನ ಕೈಗೆ ನೇರವಾಗಿ ಹತ್ತನೇ ಲೆವೆಲ್ಲಿನ ವಿಝರ್ಡ್ ಕೊಟ್ಟರೆ ಮಂತ್ರಗಳ ಪುಟಗಳನ್ನು ತಿರುವುತ್ತಾ ಸಂಜೆ ಕಳೆಯುತ್ತದೆ. ಅವನಿಗೆ ಎರಡು ಮಂತ್ರವಿರುವ ಕಿರಿಯ ಪಾತ್ರ ಹೆಚ್ಚು ನೆಮ್ಮದಿಯದು, ಅವನ ನಿರ್ಧಾರಗಳಿಗೆ ಹೆಚ್ಚು ತೂಕ ಕೊಡುವಂಥದ್ದು. ಕಾಗದದ ಮೇಲೆ ಸಮ ಮಾಡಿದ್ದು ಮೇಜಿನಲ್ಲಿ ಅಸಮವಾಗಬಹುದು.

ಮೂರನೇ ಆಕ್ಷೇಪ ಗೇಮ್ ಮಾಸ್ಟರ್‌ನ ಹೊರೆಯದ್ದು: ಎಲ್ಲರಿಗೂ ಒಪ್ಪುವ ಕಾಳಗವನ್ನು ಹೆಣೆಯುವುದು ಹೇಗೆ? ಪ್ರತಿ ಸಮಸ್ಯೆಗೂ ಕಾಳಗವೇ ಪರಿಹಾರ, ಪ್ರತಿ ಕಾಳಗವೂ ತಂಡದ ಬಲಕ್ಕೆ ಅಳೆದು ಕೊಟ್ಟದ್ದು ಎಂದುಕೊಂಡರೆ ಇದು ನಿಜಕ್ಕೂ ಬಿಡಿಸಲಾಗದ ಗಂಟು. ಅಪಾಯವನ್ನು ಜಾಗಕ್ಕೆ ಕಟ್ಟಿ, ಆ ಜಾಗದ ಸುದ್ದಿಯನ್ನು ಆಟಗಾರರಿಗೆ ಮೊದಲೇ ತಲುಪಿಸಿದರೆ ಗಂಟು ಸಡಿಲವಾಗುತ್ತದೆ. ಗುಡ್ಡದಾಚೆ ದೈತ್ಯರಿದ್ದಾರೆ ಎಂದು ಊರಿನ ಕುರಿಗಾಹಿ ಹೇಳಿದ್ದರೆ, ಒಂದನೇ ಲೆವೆಲ್ಲಿನ ಗೆಳೆಯನನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೇ ಎಂಬುದು ತಂಡದ ನಿರ್ಧಾರವಾಗುತ್ತದೆ. ಹೋದರೆ ಅವನನ್ನು ಹೇಗೆ ಕಾಪಾಡಬೇಕು ಎಂಬುದೂ ಆಟದ ಭಾಗವಾಗುತ್ತದೆ. ಇಡೀ ತಂಡವನ್ನು ಒಮ್ಮೆಲೇ ಸುಡುವ ದಾಳಿಗಳನ್ನು ಗೇಮ್ ಮಾಸ್ಟರ್ ಮಿತವಾಗಿ ಬಳಸಬೇಕು. ಬಿಡಿಬಿಡಿಯಾಗಿ ಬರುವ ಎದುರಾಳಿಗಳು, ಏಕಕಾಲಕ್ಕೆ ಆಗಬೇಕಾದ ಬೇರೆಬೇರೆ ಕೆಲಸಗಳು, ಬಾಗಿಲು ಕಾಯುವುದು, ಸೆರೆಯಾಳುಗಳನ್ನು ಬಿಡಿಸುವುದು, ರಾಯಭಾರ, ಇಂಥವುಗಳಲ್ಲಿ ಲೆವೆಲ್ಲಿನ ಅಂತರ ಕರಗುತ್ತದೆ.

ಕೈಯಲ್ಲಿರುವ ಆಟಕ್ಕೆ ತಕ್ಕಂತೆ ತೀರ್ಮಾನವೂ ಬದಲಾಗಬೇಕು. ಹಳೆಯ ಬೇಸಿಕ್ ನಿಯಮಗಳ ಮಾದರಿಯ ಆಟವಾದರೆ ಒಂದರಿಂದಲೇ ಶುರುಮಾಡಿಸಬಹುದು, ಕೋಷ್ಟಕವನ್ನು ನಂಬಬಹುದು. ಮೂರನೇ ಆವೃತ್ತಿಯಾದರೆ ತಂಡಕ್ಕಿಂತ ಒಂದು ಲೆವೆಲ್ ಕೆಳಗೆ ಸಾಕು. ಪಾಥ್‌ಫೈಂಡರ್ ಆದರೆ ಸಮವೇ ಇರಲಿ. ಐದನೇ ಆವೃತ್ತಿಯಲ್ಲಿ ಎರಡು ಮೂರು ಲೆವೆಲ್ಲಿನ ಅಂತರ ತೊಂದರೆ ಕೊಡದು, ಆದರೆ ಐದನೇ ಲೆವೆಲ್ಲಿನ ಗಡಿಯನ್ನು ಗಮನಿಸಬೇಕು. ಫೈಟರ್‌ಗೆ ಎರಡನೇ ಏಟು, ವಿಝರ್ಡ್‌ಗೆ ಫೈರ್‌ಬಾಲ್ ಸಿಗುವುದು ಅಲ್ಲಿ. ಹಾಗಾಗಿ ನಾಲ್ಕು ಮತ್ತು ಐದರ ನಡುವಿನ ಒಂದು ಮೆಟ್ಟಿಲು ಐದು ಮತ್ತು ಏಳರ ನಡುವಿನ ಎರಡಕ್ಕಿಂತ ಎತ್ತರ. ಏಳರ ತಂಡಕ್ಕೆ ಬರುವವನನ್ನು ಐದರಿಂದ ಶುರುಮಾಡಿಸಿದರೆ ಅವನು ಕಲಿಯುತ್ತಾ ಬೆಳೆಯುತ್ತಾನೆ, ಸಾಯುವ ಭಯದಲ್ಲೇ ಮೂಲೆ ಸೇರುವುದಿಲ್ಲ. ದೊಡ್ಡ ಅಂತರವೇ ಬೇಕೆನಿಸಿದರೆ ಆರ್ಸ್ ಮ್ಯಾಜಿಕಾದ ದಾರಿ ಇದೆ: ಪ್ರತಿಯೊಬ್ಬರಿಗೂ ಒಬ್ಬ ಹಿರಿಯ, ಒಬ್ಬ ಕಿರಿಯ ಪಾತ್ರ, ಸರದಿಯ ಮೇಲೆ ಆಟ.

ಹಾಗಾಗಿ ಗೇಮ್ ಮಾಸ್ಟರ್ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಹೊಸಬ ಬಾಯಿ ತೆರೆದಾಗ ಹಳಬರು ಕಿವಿಗೊಡಲು ಆಟದೊಳಗೆ ಕಾರಣವಿದೆಯೇ? ಅವನು ತೆಗೆದುಕೊಂಡ ನಿರ್ಧಾರದಿಂದ ಇವತ್ತಿನ ಕಥೆ ಬೇರೆ ದಾರಿ ಹಿಡಿಯಬಹುದೇ? ಅವನು ತಪ್ಪಿದರೆ ತಂಡಕ್ಕೆ ನಷ್ಟ, ಗೆದ್ದರೆ ತಂಡಕ್ಕೆ ಲಾಭ ಎಂಬುದು ನಿಜವೇ? ಇವಕ್ಕೆ ಹೌದು ಎನ್ನಬಹುದಾದ ಮೇಜಿನಲ್ಲಿ ಒಂದನೇ ಲೆವೆಲ್ಲಿನ ಪಾತ್ರ ಏಳನೆಯದರ ಪಕ್ಕದಲ್ಲೂ ನಿಲ್ಲಬಲ್ಲದು, ಅಲ್ಲಿ ಏಳರವರೆಗೆ ಏರಿದ್ದಕ್ಕೆ ಎಲ್ಲರ ಕಣ್ಣೆದುರೇ ಒಂದು ಬೆಲೆಯೂ ಇರುತ್ತದೆ. ಉತ್ತರ ಇಲ್ಲ ಎಂದಾದರೆ ಅಂಕಗಳನ್ನು ಸಮ ಮಾಡಿದ ಮಾತ್ರಕ್ಕೆ ಮೂಲೆಗುಂಪಾದವನು ಆಟದ ನಡುವೆ ಬರುವುದಿಲ್ಲ. ಅವನಿಗೊಂದು ಕೆಲಸ, ಒಂದು ಆಯ್ಕೆ, ಒಂದು ಸರದಿ ಕೊಡುವ ಹೊಣೆ ಗೇಮ್ ಮಾಸ್ಟರ್‌ನದ್ದೇ.